ಗಾಳಿ ತೆಗೆದ ಕೋಣೆ

"ನಾನು ಒಳಗೆ ಬಿದ್ದರೆ ನೀನು ನನ್ನ ಹಿಂದೆ ಬರಬಾರದು" ಎಂದು ಅಣ್ಣ ತಂಗಿಯ ಕೈಯಲ್ಲಿ ಕೈಯಿಟ್ಟು ಮಾತು ತೆಗೆದುಕೊಂಡದ್ದು, ಇಬ್ಬರೂ ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷ. ಆಗ ಅವಳ ದೊಡ್ಡ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ತರಬೇತಿ ಕೊಡಲು ಬಂದ ಇಂಜಿನಿಯರು ಬೇರೆಲ್ಲವನ್ನೂ ಗಡಿಬಿಡಿಯಲ್ಲಿ ಮುಗಿಸಿ ಒಂದು ಕಥೆಯನ್ನು ಮಾತ್ರ ನಿಧಾನವಾಗಿ ಹೇಳಿದ್ದ. ಎಲ್ಲೋ ಇಂಥದ್ದೇ ಕೋಣೆಯಲ್ಲಿ ಒಬ್ಬ ಬಿದ್ದ. ಅವನನ್ನು ಎಳೆದು ತರಲು ಇನ್ನೊಬ್ಬ ಹೋದ. ಇವರಿಬ್ಬರು ಯಾಕೆ ಬರಲಿಲ್ಲವೆಂದು ನೋಡಲು ಮತ್ತೊಬ್ಬ ಹೋದ. ಮೂವರನ್ನೂ ಒಂದೇ ಗಾಡಿಯಲ್ಲಿ ಸಾಗಿಸಿದರು.

"ಹಾಗಾದ್ರೆ ನೀನೂ ಮಾತು ಕೊಡು. ನಾನು ಬಿದ್ದರೆ?" ಎಂದು ಕೇಳಿದ್ದಳು ತಂಗಿ.

"ನೀನು ಬೀಳೋದಾದರೂ ಎಲ್ಲಿ? ಹೊರಗೆ ಸ್ಟೂಲ್ ಮೇಲೆ ಕೂತು ಮೀಟರ್ ನೋಡೋಳು. ತೂಕಡಿಸಿ ಬಿದ್ದರೆ ಮಾತ್ರ ಎತ್ತುತ್ತೀನಿ."

ಸೇಬು ಮರದಿಂದ ಕಿತ್ತ ಮೇಲೂ ಉಸಿರಾಡುತ್ತದೆ. ಉಸಿರಾಡಿದಷ್ಟೂ ಮಾಗುತ್ತದೆ, ಮಾಗಿದ್ದು ಕೊಳೆಯದೆ ಇರುವುದಿಲ್ಲ. ಅದಕ್ಕೇ ಕೋಣೆಗೆ ಛಾವಣಿಯ ತನಕ ಕ್ರೇಟು ತುಂಬಿ, ಬಾಗಿಲು ಜಡಿದು, ಬೋಲ್ಟು ಬಿಗಿದು, ಒಳಗಿನ ಆಮ್ಲಜನಕವನ್ನು ಬಹುಪಾಲು ತೆಗೆದು ನೈಟ್ರೋಜನ್ ತುಂಬುತ್ತಾರೆ. ಹಣ್ಣು ಅರೆನಿದ್ದೆಗೆ ಜಾರುತ್ತದೆ. ಮರ ಮತ್ತೆ ಹೂಬಿಡುವ ಹೊತ್ತಿಗೆ ತೆಗೆದು ಕಚ್ಚಿದರೂ ಕಟಕ್ ಎನ್ನುತ್ತದೆ. ಹೊರಗಿನಿಂದ ನೋಡಿದರೆ ಅದೂ ಎಲ್ಲ ಕೋಣೆಗಳ ಹಾಗೇ. ಹೊಗೆಯಿಲ್ಲ, ನಾತವಿಲ್ಲ, ಬಲ್ಬು ನೆಟ್ಟಗೆ ಉರಿಯುತ್ತಿರುತ್ತದೆ. ಅಲ್ಲಿ ಒಂದು ಉಸಿರು ಎಳೆದುಕೊಂಡರೆ ಮನುಷ್ಯನ ಕಾಲು ಮಡಚುತ್ತದೆ.

ದೊಡ್ಡ ಬಾಗಿಲ ಕೆಳಭಾಗದಲ್ಲಿ ಮಂಡಿಯೂರಿ ನುಸುಳುವಷ್ಟು ಒಂದು ಕಿಂಡಿ, ಅದರ ಮೇಲೊಂದು ಗಾಜು. ಕೈಗೆ ಎಟಕುವಲ್ಲಿ ಒಂದೆರಡು ಕ್ರೇಟು ಇಟ್ಟಿರುತ್ತಾರೆ, ಆಗಾಗ ತೆಗೆದು ರುಚಿ ನೋಡಲು. ಅದಕ್ಕಿಂತ ಆಚೆ ಹೋಗಬೇಕಾದರೆ ಮುಖಕ್ಕೆ ಮಾಸ್ಕು, ಬೆನ್ನಿಗೆ ಸಿಲಿಂಡರು. ಅಂಥದ್ದೇ ಇನ್ನೊಂದು ಜೊತೆ ತೊಟ್ಟು ಹೊರಗೊಬ್ಬ ನಿಂತಿರಬೇಕು. ಇದು ನಿಯಮ. ರೂಢಿ ಬೇರೆ ಇತ್ತು. ಗಂಡಸರು ಉಸಿರು ಬಿಗಿಹಿಡಿದು ನುಗ್ಗಿ, ಬೇಕಾದ್ದು ತುಂಬಿಕೊಂಡು ಹೊರಗೆ ಬರುತ್ತಿದ್ದರು. ಮೇಸ್ತ್ರಿಯಾಗಿದ್ದ ಅಣ್ಣ ಅದರಲ್ಲಿ ಎಲ್ಲರಿಗಿಂತ ಗಟ್ಟಿಗ. ಅವನಿಗೆ ತಿದಿ ಅಂತಲೇ ಅಡ್ಡಹೆಸರು, ಕಮ್ಮಾರನ ತಿದಿ. ಮ್ಯಾನೇಜರು ಕಂಡೂ ಕಾಣದ ಹಾಗಿರುತ್ತಿದ್ದ.

ಆವತ್ತು ದೊಡ್ಡ ಖರೀದಿದಾರನೊಬ್ಬ ಬಂದಿದ್ದ. ಕಿಂಡಿಯ ಬಳಿಯ ಹಣ್ಣು ಕೊಯ್ದು ಬಾಯಿಗೆ ಹಾಕಿಕೊಂಡವನೇ, "ಬುಟ್ಟಿ ಮೇಲಿನ ಹಣ್ಣು ಎಲ್ಲರದ್ದೂ ಚೆಂದವೇ ಸ್ವಾಮಿ, ನನಗೆ ತಳದ್ದು ತೋರಿಸಿ" ಎಂದ. ಮ್ಯಾನೇಜರು ಅಣ್ಣನ ಹೆಗಲ ಮೇಲೆ ಕೈಯಿಟ್ಟು "ಏನಾದರೂ ಮಾಡಪ್ಪಾ" ಎಂದು ಹೇಳಿ, ಖರೀದಿದಾರನನ್ನು ಕರೆದುಕೊಂಡು ಆಫೀಸಿಗೆ ಹೋದ.

ಅಣ್ಣ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದಾಗ ತಂಗಿ ಮೀಟರುಗಳ ಮುಂದೆ ಕೂತಿದ್ದಳು.

"ಸಿಲಿಂಡರ್ ಎಲ್ಲಿ?"

"ರಿಪೇರಿಯಿಂದ ಬಂದಿಲ್ಲ."

"ಬಂದ ಮೇಲೆ ಹೋಗು."

"ಅಷ್ಟರಲ್ಲಿ ಆ ಖರೀದಿದಾರ ಕಾಫಿ ಕುಡಿದು ಎದ್ದು ಹೋಗ್ತಾನೆ. ಎರಡನೇ ಸಾಲು ಕಣೇ, ಅಲ್ಲೇ ಇದೆ. ನೀನು ನಿನ್ನ ಮಕ್ಕಳಿಗೆ ಬೈದು ಮುಗಿಸೋದ್ರೊಳಗೆ ಬಂದಿರ್ತೀನಿ."

"ನಾನು ಬೈಯೋಕೆ ಶುರು ಮಾಡಿದ್ರೆ ಊಟದ ಹೊತ್ತಾದ್ರೂ ಮುಗಿಯಲ್ಲ."

"ನೋಡು ಮತ್ತೆ, ಎಷ್ಟು ಟೈಮಿದೆ!"

"ಅಣ್ಣಾ, ತಮಾಷೆ ಬೇಡ. ಮ್ಯಾನೇಜರಿಗೆ ಹೇಳ್ತೀನಿ."

"ಹೇಳು. ಅವರೇ ಕಳಿಸಿದ್ದು."

ಅಷ್ಟರಲ್ಲಿ ಅವನು ಮಂಡಿಯೂರಿ, ಎದೆ ತುಂಬ ಉಸಿರೆಳೆದುಕೊಂಡು, ಕಿಂಡಿಯೊಳಗೆ ನುಸುಳಿಯಾಗಿತ್ತು.

ಅವಳು ಗಾಜಿಗೆ ಮುಖ ಒತ್ತಿದಳು. ಒಳಗಿನಿಂದ ಅವನು ಅವಳನ್ನು ನಗಿಸಲು ಕೆನ್ನೆಯನ್ನು ಇನ್ನಷ್ಟು ಉಬ್ಬಿಸಿ ತೋರಿಸಿದ. ಕ್ರೇಟುಗಳ ಸಂದಿಯಲ್ಲಿ ಹೋಗಿ, ಹಿಂದಿನ ಸಾಲಿನಿಂದ ಹಣ್ಣು ತೆಗೆದು ಚೀಲಕ್ಕೆ ಹಾಕಿಕೊಂಡ. ತಿರುಗುವಾಗ ಚೀಲ ಕ್ರೇಟಿನ ಸಿಬಿರೆದ್ದ ಮೂಲೆಗೆ ಸಿಕ್ಕಿ ಹರಿಯಿತು. ಹಣ್ಣು ನೆಲದ ಮೇಲೆಲ್ಲ ಉರುಳಿತು.

ಬೇರೆ ಯಾರಾದರೂ ಬಿಟ್ಟು ಬರುತ್ತಿದ್ದರು. ಅವನು ಹಣ್ಣಿನವನು. ಪೆಟ್ಟು ತಿಂದ ಹಣ್ಣು ಮನೆಮುರುಕನ ಹಾಗೆ, ತಾನು ಕೆಟ್ಟು ಸುಮ್ಮನಿರುವುದಿಲ್ಲ, ಪಕ್ಕದವರನ್ನೂ ಎಬ್ಬಿಸಿ ಕೆಡಿಸುತ್ತದೆ ಎಂದು ಹೊಸಬರಿಗೆ ದಿನಾ ಬೈಯುತ್ತಿದ್ದವನು. ಮುಚ್ಚಿದ ಕೋಣೆಯಲ್ಲಿ ಅಂಥದ್ದನ್ನು ಬಿಟ್ಟು ಬರುವುದು ಅವನ ಕೈಕಾಲಿಗೇ ಗೊತ್ತಿರಲಿಲ್ಲ. ಬಗ್ಗಿದ. ಚೀಲದ ಹರಿಯದೆ ಉಳಿದ ಭಾಗಕ್ಕೆ ಒಂದೊಂದೇ ಆರಿಸಿ ಹಾಕಿದ.

"ಬಿಡೋ! ಬಿಟ್ಟು ಬಾರೋ!" ಅವಳು ಗಾಜು ಬಡಿದಳು.

ಅವನು ಒಂದು ಬೆರಳೆತ್ತಿ ತೋರಿಸಿದ. ಇನ್ನೊಂದೇ. ಅದು ಕ್ರೇಟಿನ ಅಡಿಯ ಹಲಗೆಯ ಕೆಳಗೆ ಹೊಕ್ಕಿತ್ತು. ನೆಲಕ್ಕೆ ಕೆನ್ನೆಯಿಟ್ಟು ತೋಳು ತೂರಿಸಿದ. ಆಗ ಅವನ ಭುಜ ಮೇಲೆದ್ದು ಇಳಿದದ್ದನ್ನು ಅವಳು ಕಂಡಳು. ಉಸಿರೆಳೆದುಕೊಂಡಿದ್ದ. ಏಳಲು ಕೈಯೂರಿದ, ದಣಿದವರು ಕೂರುವ ಹಾಗೆ ಕೂತ, ಆಮೇಲೆ ಪಕ್ಕಕ್ಕೆ ಮಲಗಿದ.

ಅವಳು ಗಂಟೆ ಒತ್ತಿದಳು, ಗಂಟಲು ಹರಿಯುವಂತೆ ಕೂಗಿದಳು. ಹಮಾಲಿಗಳು ಸ್ಪ್ಯಾನರು ಹಿಡಿದು ಓಡಿಬಂದು ದೊಡ್ಡ ಬಾಗಿಲಿನ ಬೋಲ್ಟಿಗೆ ಕೈಹಾಕಿದರು. ಇಡೀ ಋತುವಿಗೆಂದು ಬಿಗಿದ ಬೋಲ್ಟು, ಒಂದೊಂದೂ ಅಳೆದು ಸುರಿದು ಬರುತ್ತಿತ್ತು. ಕ್ರೇಟು ಎಳೆಯುವ ಕೊಕ್ಕೆಗೋಲು ತಂದು, ಮುಖವನ್ನು ಆದಷ್ಟು ಆಚೆ ಹಿಡಿದು ಅವಳು ಕಿಂಡಿಯಲ್ಲಿ ತೂರಿಸಿದಳು. ಕೊಕ್ಕೆ ಅವನ ಬೂಟಿನ ಅಡಿಗೆ ತಾಗಿ ಜಾರಿತು. ಮತ್ತೆ ತಾಗಿತು, ಮತ್ತೆ ಜಾರಿತು. ಪ್ಯಾಂಟಿಗೆ ಸಿಕ್ಕಿಸಲು ಇನ್ನೊಂದು ಮೊಳ ಬೇಕಿತ್ತು. ಆ ಒಂದು ಮೊಳಕ್ಕೆ ತಲೆ ಭುಜ ಎರಡನ್ನೂ ಒಳಗೆ ಹಾಕಬೇಕಿತ್ತು.

ಹಣ್ಣು ವಿಂಗಡಿಸುವ ಹಾಲಿನಿಂದ ಅತ್ತಿಗೆ ಕೈಗವಸಿನಲ್ಲೇ ಓಡಿಬಂದಳು. ಗಾಜಿನಲ್ಲಿ ಇಣುಕಿದವಳೇ ಗಂಡನ ಹೆಸರು ಹಿಡಿದು ಕೂಗಿ ಕಿಂಡಿಗೆ ಬಗ್ಗಿದಳು. ತಂಗಿ ಅವಳ ಸೊಂಟವನ್ನು ಹಿಂದಿನಿಂದ ತಬ್ಬಿ ಎಳೆದು, ಕಿಂಡಿಯನ್ನು ಕಾಲಿಂದ ಒದ್ದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಬಿಡೇ! ದಾರಿ ಬಿಡೇ!"

"ಬಿಡಲ್ಲ ಅತ್ತಿಗೆ."

"ನಿನ್ನ ಒಡಹುಟ್ಟು ಕಣೇ, ಬೇರೆ ಯಾರೋ ಅಲ್ಲ!"

"ಗೊತ್ತು. ನೀವು ಹೋದ್ರೂ ಬರಲ್ಲ ಅತ್ತಿಗೆ. ಇಬ್ಬರೂ ಬರಲ್ಲ."

"ನಿನ್ನ ಮಗಳು ಬಿದ್ದಿದ್ರೆ ಹೀಗೇ ಕೂತಿರ್ತಿದ್ಯಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅತ್ತಿಗೆ ತಂಗಿಯ ಮುಂಗೈಗೆ ಹಲ್ಲು ಹೂಡಿದಳು. ರಕ್ತ ಬಂದರೂ ತಂಗಿ ಕಿಂಡಿ ಬಿಟ್ಟು ಕದಲಲಿಲ್ಲ. ಹಮಾಲಿಗಳಲ್ಲಿ ಒಬ್ಬ ಮೂಗಿಗೆ ಟವೆಲು ಸುತ್ತಿಕೊಂಡು ಬಂದ. "ಆಚೆ ಸರಿ ಅಕ್ಕಾ, ನಾನು ಹೋಗ್ತೀನಿ" ಎಂದ. "ನಿನಗೂ ಹೆಂಡತಿ ಇದ್ದಾಳೆ, ಹೋಗಿ ಬೋಲ್ಟು ಬಿಚ್ಚು" ಎಂದಳು ತಂಗಿ.

ದೊಡ್ಡ ಬಾಗಿಲು ತೆರೆದರು, ಫ್ಯಾನುಗಳನ್ನು ತಂದಿಟ್ಟು ಗಾಳಿ ನುಗ್ಗಿಸಿದರು. ಅಗ್ನಿಶಾಮಕದವರು ಮಾಸ್ಕು ತೊಟ್ಟು ಒಳಗೆ ಹೋಗಿ ಅವನನ್ನು ಹೊತ್ತು ತಂದರು. ಎದೆ ಒತ್ತಿದರು, ಒತ್ತಿದರು, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲಿಸಿದರು. ಅವನ ಕೈ ಖಾಲಿಯಿತ್ತು. ಆ ಕೊನೆಯ ಹಣ್ಣು ಸಿಕ್ಕೇ ಇರಲಿಲ್ಲ.

ಗಾಳಿ ಹೊಕ್ಕ ಮೇಲೆ ಕೋಣೆಯ ಹಣ್ಣೆಲ್ಲ ಎಚ್ಚರಗೊಳ್ಳುತ್ತದೆ, ಆಮೇಲೆ ಇಡಲಾಗುವುದಿಲ್ಲ. ಶವವನ್ನು ಗಾಡಿಗೆ ಹಾಕುವಾಗಲೇ ಮ್ಯಾನೇಜರು ಫೋನಿನಲ್ಲಿ ಲಾರಿ ಕೇಳುತ್ತಿದ್ದ. ಖರೀದಿದಾರ ಯಾವಾಗ ಹೋದನೆಂದು ಯಾರೂ ನೋಡಲಿಲ್ಲ.

ಆಸ್ಪತ್ರೆಯ ಬೆಂಚಿನ ಆ ತುದಿಯಲ್ಲಿ ಅತ್ತಿಗೆ, ಈ ತುದಿಯಲ್ಲಿ ತಂಗಿ. ಅತ್ತಿಗೆಯೇ ಮೊದಲು ಕೇಳಿದಳು.

"ಕೊಕ್ಕೆ ತಾಗಿತ್ತಂತೆ?"

"ತಾಗಿತ್ತು."

"ಇನ್ನೆಷ್ಟು ಬೇಕಿತ್ತು?"

"ಒಂದು ಮೊಳ."

ಅತ್ತಿಗೆ ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿಕೊಂಡಳು.

"ಅಣ್ಣ ಮಾತು ತಗೊಂಡಿದ್ದ ಅತ್ತಿಗೆ. ಬಿದ್ದರೆ ಹಿಂದೆ ಬರಬಾರದು ಅಂತ."

"ನಿನ್ನ ಹತ್ರ ತಗೊಂಡಿದ್ರು," ಎಂದಳು ಅತ್ತಿಗೆ. "ನನ್ನ ಹತ್ರ ತಗೊಂಡಿರಲಿಲ್ಲ. ನನ್ನನ್ನ ಬಿಡಬೇಕಿತ್ತು ನೀನು."

ನರ್ಸು ಬಂದು, ಗುರುತು ಹೇಳಲು ಮನೆಯವರು ಯಾರಾದರೂ ಒಬ್ಬರು ಬನ್ನಿ ಎಂದು ಕರೆದಳು. ಅತ್ತಿಗೆ ಎದ್ದು ಹೋದಳು. ತಂಗಿಯನ್ನು ಕರೆಯಲಿಲ್ಲ.

ಅಣ್ಣ ಬಿದ್ದಾಗ ತಂಗಿ ಅವನ ಹಿಂದೆ ಹೋಗಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಳು.