ಪರ್ಯಾಯ ಕೇಂದ್ರದ ಬಾಣಂತಿ

ಆಸಿಫಾ ನರಗುಂದದ ಸೊಸೆಯಾಗಿ ಹಲವು ಮಳೆಗಾಲ ಕಳೆದಳು. ಆದರೆ ಗಜೇಂದ್ರಗಡದ ತವರಿನ ಮಾಳಿಗೆ ಕೋಣೆ ನೆನಪಾದರೆ ಈಗಲೂ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಜ್ಜಿಯ ಮಗ್ಗುಲಲ್ಲಿ ಮಲಗಿ, ಕಿಟಕಿಯಿಂದ ಗುಡ್ಡ ನೋಡುತ್ತ ಬೆಳೆದ ಕೋಣೆ ಅದು. ಆಗ ಗುಡ್ಡದ ಮೇಲೆ ಸೀತಾಫಲದ ಗಿಡ ಮತ್ತು ಕುರಿ ಬಿಟ್ಟರೆ ಬೇರೇನೂ ಇರಲಿಲ್ಲ. ಎಂಥ ಚಂದದ ದಿನಗಳು.

ಆಮೇಲೆ ಗಾಳಿಯಿಂದ ಕರೆಂಟು ಮಾಡುವ ಕಂಪನಿ ಬಂತು. ಗುಡ್ಡದ ತುಂಬ ದೊಡ್ಡ ದೊಡ್ಡ ರೆಕ್ಕೆಗಳು ತಿರುಗತೊಡಗಿದವು. ಅವಳ ತಮ್ಮ ಇರ್ಫಾನನಿಗೆ ಅಲ್ಲಿ ಲೈನಿನ ಕೆಲಸ ಸಿಕ್ಕಿತು. ಅವನ ಬೆನ್ನಿಗೇ ಕಂಪನಿಯ ಸುರಕ್ಷತಾ ಅಧಿಕಾರಿ ಗುರುಸಂಗಪ್ಪನವರು ಮನೆ ಹುಡುಕಿಕೊಂಡು ಬಂದರು. ಗುಡ್ಡದ ಬುಡದಲ್ಲಿರುವ ಕಂಟ್ರೋಲ್ ರೂಮು ಕೆಟ್ಟರೆ ಕೆಲಸ ನಿಲ್ಲಬಾರದಲ್ಲ, ಅದಕ್ಕೆ ಊರೊಳಗೆ ಬದಲಿ ಜಾಗ ಬೇಕಿತ್ತು. ಗುಡ್ಡವೂ ಅಸೂಟಿ ಕಡೆಯ ಬಯಲೂ ಕಾಣುವ ಈ ಕೋಣೆಯೇ ಅವರ ಕಣ್ಣಿಗೆ ಬಿತ್ತು. ಮೇಲೆ ಗಚ್ಚು ಹಾಕಿಸಿ ಕಂಬ ನಿಲ್ಲಿಸಿದರು, ಗೋಡೆಗೆ ವೈರ್‌ಲೆಸ್ ಬಿಗಿದರು, 'ಪರ್ಯಾಯ ಕೇಂದ್ರ' ಎಂದು ಹೆಸರಿಟ್ಟು ಕೀಲಿ ಜಡಿದರು. ಕೋಣೆ ಸದಾ ಖಾಲಿ ಇರಬೇಕೆಂದು ಅಪ್ಪ ಮೆಹಬೂಬಸುಭಾನಿಯಿಂದ ಮಾತು ತೆಗೆದುಕೊಂಡರು. ಅಪ್ಪ ಮಾತಿಗೆ ನಿಲ್ಲುವ ಮನುಷ್ಯ. ಅಲ್ಲಿ ನಾಲ್ಕು ಉಳ್ಳಾಗಡ್ಡಿ ಹರವಲೂ ಯಾರನ್ನೂ ಬಿಡಲಿಲ್ಲ.

ವರ್ಷಕ್ಕೊಮ್ಮೆ ಅಲ್ಲಿ ತಾಲೀಮು ನಡೆಯುತ್ತಿತ್ತು. ಗುರುಸಂಗಪ್ಪನವರು ಮಾಳಿಗೆ ಹತ್ತಿ, "ಆಪತ್ತು ಸಂಭವಿಸಿದೆ" ಎಂದು ವೈರ್‌ಲೆಸ್ಸಿನಲ್ಲಿ ಗಂಭೀರವಾಗಿ ಸಾರುತ್ತಿದ್ದರು. ಅಮ್ಮ ಮಕ್ತುಮಬಿ ಮಾಡಿಟ್ಟ ಶಿರಾ ತಿನ್ನುತ್ತಿದ್ದರು. "ಆಪತ್ತು ನಿವಾರಣೆಯಾಗಿದೆ" ಎಂದು ಬಾಯಿ ಒರೆಸಿಕೊಳ್ಳುತ್ತ ಇಳಿಯುತ್ತಿದ್ದರು. ಅಷ್ಟು ತುಪ್ಪ ಬಿದ್ದ ಶಿರಾದ ಮುಂದೆ ಯಾವ ಆಪತ್ತು ತಾನೇ ನಿಂತೀತು?

ಆಸಿಫಾ ಚೊಚ್ಚಲ ಹೆರಿಗೆಗೆ ಬಂದ ವರ್ಷ ಮಳೆ ಹಟ ಹಿಡಿದಿತ್ತು. ಕೆಳಗಿನ ಮನೆಯ ನೆಲ ಒದ್ದೆ, ಗೋಡೆ ಒದ್ದೆ. ಕೂಸು ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಅಮ್ಮ ಯಾರನ್ನೂ ಕೇಳದೆ ಮಾಳಿಗೆಯ ಕೀಲಿ ತೆಗೆದು ಹಾಸಿಗೆ ಹಾಸಿದಳು.

"ಮಾತು ಕೊಟ್ಟೀನಲ್ಲ," ಎಂದು ಅಪ್ಪ ಒದ್ದಾಡಿದ.

"ಹಸಿ ಬಾಣಂತಿಗಿಂತ ದೊಡ್ಡ ಆಪತ್ತು ಯಾವ್ದೈತ್ರಿ?" ಎಂದಳು ಅಮ್ಮ. ಅಪ್ಪ ಹೋಗಿ ಕಂಬಳಿ ತಂದುಕೊಟ್ಟ.

ಅಜ್ಜಿಯ ಕೋಣೆಯಲ್ಲಿ ಮಗಳನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದಾಗ ಆಸಿಫಾಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಮರುದಿನ ಮಧ್ಯಾಹ್ನವೇ ಖರೇ ಆಪತ್ತು ಬಂತು. ಸಿಡಿಲು ಬಡಿದು ಕಂಟ್ರೋಲ್ ರೂಮು ಸುಟ್ಟುಹೋಯಿತು, ಮೊಬೈಲುಗಳು ಸತ್ತವು. ಅಸೂಟಿ ಹತ್ತಿರ ಕಂಪನಿಯ ಲೈನು ಹರಿದು ಹಳ್ಳದ ನೀರಿಗೆ ಬಿತ್ತು. ಅದನ್ನು ಎತ್ತಲು ಇರ್ಫಾನನ ತಂಡ ಎದೆಮಟ್ಟದ ನೀರಿಗಿಳಿಯಿತು. ಗುಡ್ಡದ ಮೇಲೆ ಕರೆಂಟು ಬಂದ್ ಮಾಡಿ ಒಬ್ಬನೇ ಕುಳಿತಿದ್ದವನು ದ್ಯಾಮಪ್ಪ ಎಂಬ ಆಪರೇಟರು. ಹಳ್ಳದ ದಂಡೆಯಲ್ಲಿ ನಿಂತ ತಂಡದ ಜೀಪಿನ ವೈರ್‌ಲೆಸ್ ಗುಡ್ಡಕ್ಕೆ ಮುಟ್ಟುತ್ತಿರಲಿಲ್ಲ. ಎರಡೂ ಕಡೆಗೆ ಮುಟ್ಟುವುದು ಈ ಕೋಣೆಯೊಂದೇ.

ಗುರುಸಂಗಪ್ಪನವರು ನೆನೆದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಕೂಸಿನ ದನಿ ಕೇಳಿದ್ದೇ ತಡ, ಬಾಗಿಲಲ್ಲೇ ನಿಂತು ಮುಖ ತಿರುಗಿಸಿಕೊಂಡರು. ಅವರೂ ಹೆಣ್ಣುಮಕ್ಕಳಿದ್ದ ಮನೆಯವರು, ಬಾಣಂತಿಯ ಕೋಣೆಗೆ ಕಾಲಿಡಲು ಮನಸ್ಸಾಗಲಿಲ್ಲ. ಬಾಗಿಲ ಪರದೆಯ ಹೊರಗೆ ನಿಂತೇ, "ತಂಗಿ, ಆ ಮೈಕ್ ಕೈಯಾಗ ಹಿಡದು ಗುಂಡಿ ಒತ್ತಿ ನಾ ಹೇಳಿದ್ದು ಹೇಳವ್ವಾ. ಗುಂಡಿ ಬಿಟ್ರ ಅವ್ರ ಮಾತು ಕೇಳತೈತಿ" ಎಂದರು.

ಅವರ ಅವಸರಕ್ಕೆ ಕಾರಣವಿತ್ತು. ಕಂಪನಿಯ ಕೆಲಸ ನಿಲ್ಲಬಾರದೆಂದು ಅವರೇ ಒಂದು ನಿಯಮ ಬರೆದಿಟ್ಟಿದ್ದರು: ಕಾಲು ತಾಸು ಯಾವ ಸುದ್ದಿಯೂ ಬಾರದಿದ್ದರೆ ಕೆಲಸ ಮುಗಿಯಿತೆಂದು ತಿಳಿದು ಕರೆಂಟು ಹಾಕಬೇಕು. ಶಿರಾ ತಿನ್ನುವಾಗ ಅದರಲ್ಲೇನು ತಪ್ಪಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಆ ನಿಯಮ ರದ್ದಾಗೈತಂತ ಹೇಳು," ಎಂದರು.

ಆಸಿಫಾ ಹೇಳಿದಳು. ದ್ಯಾಮಪ್ಪ ಒಪ್ಪಲಿಲ್ಲ. "ನೀವ್ಯಾರೋ ಏನೋ ನನಗೇನ ಗೊತ್ರಿ? ನಿಯಮ ತಪ್ಪಸಾಕ ಸಾಹೇಬ್ರ ದನೀನ ಬೇಕು. ನೀವು ಸುದ್ದಿ ಹೇಳ್ಕೋತ ಇರ್ರಿ, ನಾ ಕಾಯ್ತೀನಿ."

ಮೈಕಿನ ವೈರು ಬಾಗಿಲ ತನಕ ಬರುತ್ತಿರಲಿಲ್ಲ; ಸಾಹೇಬರು ಪರದೆಯಾಚೆಯಿಂದ ಗಂಟಲು ಹರಿಯುವಂತೆ ಕೂಗಿದರು. ಮಳೆಯ ಸದ್ದಿನಲ್ಲಿ ಅದು ಗುಡ್ಡಕ್ಕೆ ಹೋಗಲಿಲ್ಲ. ಆಸಿಫಾ ಒಂದೆರಡು ಸಲ ಸುದ್ದಿ ದಾಟಿಸಿದ ಮೇಲೆ ಅವರಿಗೆ ಧೈರ್ಯ ಬಂತು. "ಇದನ್ನ ನಡಸ್ಕೊಂಡ ಹೋಗವ್ವಾ" ಎಂದು ಹೇಳಿ, ಅಪ್ಪನನ್ನು ಕರೆದುಕೊಂಡು ಹಳ್ಳದ ಕಡೆ ಓಡಿದರು.

ನಡುನಡುವೆ ನೀರಿನಿಂದೆದ್ದು ಜೀಪಿಗೆ ಬರುತ್ತಿದ್ದ ಇರ್ಫಾನನ ದನಿ ಬಂತು: "ಅಕ್ಕಾ, ಇನ್ನೂ ನೀರಿನಾಗ ಅದೀವಿ."

"ಇನ್ನೂ ನೀರಿನಾಗ ಅದಾರ, ಕಾಕಾ. ಹಾಕಬ್ಯಾಡ್ರಿ," ಎಂದು ಅವಳು ಗುಡ್ಡಕ್ಕೆ ಹೇಳಿದಳು.

"ಇಲ್ಲಿ ಸಿಡಿಲು ಭಾಳ ಐತವ್ವಾ. ಏನರ ಮಾತಾಡ್ಕೋತ ಇರು," ಎಂದ ದ್ಯಾಮಪ್ಪ, ಸ್ವಲ್ಪ ನಾಚಿಕೊಂಡೇ.

ಅವಳು ಮಾತಾಡಿದಳು. ಅದೇ ಗುಡ್ಡದಲ್ಲಿ ಸೀತಾಫಲ ಕಿತ್ತು ಲಂಗದ ತುಂಬ ತಂದದ್ದು, ಅಜ್ಜಿ ಅವನ್ನು ಜೋಳ ತುಂಬಿಡುವ ನೆಲದಡಿಯ ಹಗೇವಿನಲ್ಲಿಟ್ಟು ಹಣ್ಣು ಮಾಡಿದ್ದು, ಕದ್ದು ತಿಂದ ಇರ್ಫಾನ ಪೆಟ್ಟು ತಿಂದದ್ದು. ನಡುನಡುವೆ ತಮ್ಮನ ಸುದ್ದಿ ಕೇಳಿ ಗುಡ್ಡಕ್ಕೆ ದಾಟಿಸಿದಳು. ಮೈಯಲ್ಲಿ ರಕ್ತವಿಲ್ಲದ ಬಾಣಂತಿ; ಮಾತಿನ ನಡುವೆಯೇ ಕಣ್ಣಿಗೆ ಕತ್ತಲೆ ಬಂತು, ಮೈಕ್ ಹಿಡಿದಂತೆಯೇ ಒರಗಿದಳು. ಅಮ್ಮ ಕೆಳಗೆ ನೀರು ಕಾಯಿಸುತ್ತಿದ್ದಳು.

ಎಚ್ಚರವಾದಾಗ ಕೂಸು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಅವಳು ಮೈಕ್ ಬಾಯಿಗೆ ಒಯ್ದಳು.

"ಕಾಕಾ, ಹಾಕಬ್ಯಾಡ್ರಿ."

ಗುಂಡಿ ಬಿಟ್ಟಾಗ ಉತ್ತರ ಬಂತು. "ಹಾಕಿಲ್ಲವ್ವಾ."

ಸಂಜೆಗೆ ಇರ್ಫಾನ, "ಎಲ್ಲಾರೂ ದಂಡಿಗೆ ಬಂದೀವಿ" ಎಂದ. ಅವಳು ಆ ಮಾತನ್ನು ಗುಡ್ಡಕ್ಕೆ ಹೇಳಿ, ಕೂಸನ್ನು ಎದೆಗೊತ್ತಿಕೊಂಡು ಅತ್ತಳು.

ಆಮೇಲೆ ಗುರುಸಂಗಪ್ಪನವರು ತಮ್ಮ ನಿಯಮವನ್ನು ತಾವೇ ಹೊಡೆದುಹಾಕಿದರು. ಪರ್ಯಾಯ ಕೇಂದ್ರ ಗದಗಿಗೆ ಹೋಯಿತು. ವೈರ್‌ಲೆಸ್ ಕಳಚಿದ ಗೋಡೆಯಲ್ಲಿ ತೂತುಗಳಷ್ಟೇ ಉಳಿದವು. ತಾಲೀಮು ನಿಂತಿತು, ಶಿರಾ ತಿನ್ನಲು ಸಾಹೇಬರು ಬರುವುದೂ ನಿಂತಿತು. ಆಸಿಫಾಳಿಗೆ ಅವೆಲ್ಲ ನೆನಪಾಗಿ ಹಿತವೆನಿಸುತ್ತಿತ್ತು. ಆದರೆ ಮಾತು ನಿಂತುಹೋದ ಆ ಹೊತ್ತು ನೆನಪಾದರೆ ಮಾತ್ರ ಊಟ ಸೇರುತ್ತಿರಲಿಲ್ಲ. ಅಷ್ಟು ಹೊತ್ತಾದರೂ ದ್ಯಾಮಪ್ಪ ಏಕೆ ಕರೆಂಟು ಹಾಕಲಿಲ್ಲ?

ಮೂರು ವರ್ಷಕ್ಕೆ ಇರ್ಫಾನನ ಮದುವೆ ಬಂತು. ಹೆಂಗಸರ ಕಡೆ ಪರದೆ ಕಟ್ಟಿದ್ದರು. ಮಗಳು ಶಹನಾಜ ನೀರಿನ ಹಂಡೆಗೆ ಕೈ ಹಾಕಿದ್ದಕ್ಕೆ ಆಸಿಫಾ ಗದರಿದಳು. ಪರದೆಯಾಚೆ ಕುಳಿತಿದ್ದ ಒಬ್ಬ ಮುದುಕ ಎದ್ದು ನಿಂತ.

"ಆ ದನಿ ಯಾರ್ದವ್ವಾ? ಪರ್ಯಾಯ ಕೇಂದ್ರ ಏನು?"

ಅವಳು ಸೆರಗು ಹೊದ್ದು ಹೊರಗೆ ಬಂದಳು. ಎಂದೂ ನೋಡದ ಮುಖ. ದ್ಯಾಮಪ್ಪನೇ. ಕುಶಲ ಕೇಳುವಷ್ಟೂ ತಾಳ್ಮೆ ಅವಳಿಗಿರಲಿಲ್ಲ.

"ಕಾಕಾ, ಆವತ್ತ ನನಗ ಎಚ್ಚರ ತಪ್ಪಿತ್ತು. ಕಾಲು ತಾಸು ಮುಗದಿತ್ತೇನ್ರಿ?"

"ಮುಗದಿತ್ತವ್ವಾ. ಕರೆಂಟ ಹಾಕೂ ಹಿಡಿಕಿಗೆ ಕೈ ಹಚ್ಚಿದ್ದೆ." ಅವನು ತನ್ನ ಬಲಗೈ ನೋಡಿಕೊಂಡ. "ನಿನ್ನ ಕೈ ಗುಂಡಿ ಬಿಟ್ಟಿದ್ದಿಲ್ಲ ಕಾಣತೈತಿ. ಕೂಸು ಅಳೂದು ಕೇಳಿತು. ಅಳತೈತಿ, ಅಳತೈತಿ, ಯಾರೂ ಎತಗೊಳ್ಳವಲ್ರು. ಕೆಲಸ ಮುಗದಿದ್ರ ತಾಯಿ ಎತಗೊಂತಿದ್ಲಲ್ಲ, ಅಲ್ಲೇನೋ ಆಗೈತಿ ಅಂತ ಕೈ ತಗದೆ."

ಆಸಿಫಾ ಮಗಳನ್ನು ಅವನ ಮುಂದೆ ನಿಲ್ಲಿಸಿದಳು. ಮುದುಕ ಬಗ್ಗಿ ಆ ಪುಟ್ಟ ಒದ್ದೆ ಕೈಗಳನ್ನು ಹಿಡಿದುಕೊಂಡ, ಬಿಡಲಿಲ್ಲ. ಚಪ್ಪರದ ಆ ತುದಿಯಲ್ಲಿ ಇರ್ಫಾನ ಮುಖದ ಮೇಲಿನ ಹೂವಿನ ಸರ ಸರಿಸಿ, ಯಾವುದೂ ಗೊತ್ತಿಲ್ಲದೆ, ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದ.