ಹಮಾಲಿ ಪಟ್ಟು

ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ಹೆಸರು ಆದೆಪ್ಪ. ಸೀಟಿ ಊದುವುದು, ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಆಗಸ್ಟ್ ಹದಿನೈದಕ್ಕೆ ಧ್ವಜದ ಹಗ್ಗ ಸಿಕ್ಕಿಕೊಂಡರೆ ಬಿಡಿಸುವುದು, ಇಷ್ಟೇ ನನ್ನ ವಿದ್ಯೆ. ರಗ್ಬಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಎರಡು ಸಾವಿರದ ಹತ್ತರಲ್ಲಿ. ಪಿ.ಟಿ. ಮಾಸ್ತರರಿಗೆಲ್ಲ ನಾಲ್ಕು ದಿನದ ತರಬೇತಿ ಇಟ್ಟಿದ್ದರು. ಎರಡನೆಯ ದಿನ ನನಗೆ ಹೊಟ್ಟೆ ಕೆಟ್ಟಿತು. ಚೆಂಡು ಹಿಡಿದು ಓಡುವವನನ್ನು ಕೆಡವುವುದು ಹೇಗೆ ಎಂದು ಕಲಿಸಿದ್ದು ಅದೇ ದಿನ. ನಾನು ಕೋಣೆಯಲ್ಲಿ ಮಲಗಿದ್ದೆ. ಬರುವಾಗ ಒಂದು ಉದ್ದನೆಯ ಚೆಂಡು, ಇಂಗ್ಲಿಷಿನ ಒಂದು ನಿಯಮದ ಪುಸ್ತಕ ಕೊಟ್ಟರು. ಚೆಂಡು ಮೈದಾನಕ್ಕೆ ಬಂತು. ಪುಸ್ತಕ ಸ್ಟಾಫ್ ರೂಮಿನ ಕಪಾಟಿಗೆ ಹೋಯಿತು.

ಕಳಕೇಶ ಆಗ ಎಂಟನೆಯ ಇಯತ್ತೆ. ಹುಟ್ಟಿದ್ದು ತೊಂಬತ್ತೇಳರಲ್ಲಿ. ಅಪ್ಪ ಹುಲಗಪ್ಪ ತಾವರಗೇರಾ ಕಡೆಯವನು, ಗಂಗಾವತಿಗೆ ಬಂದು ರೈಸ್ ಮಿಲ್ಲಿನಲ್ಲಿ ಹಮಾಲಿಯಾಗಿ ನಿಂತಿದ್ದ. ಭಾನುವಾರ ಮಗನೂ ಅಪ್ಪನ ಜೊತೆ ಚೀಲ ಹೊರುತ್ತಿದ್ದ. ಎಪ್ಪತ್ತೈದು ಕಿಲೋ ಭತ್ತದ ಚೀಲ! ಹಮಾಲರು ಅದನ್ನು ಹೊತ್ತು ತಂದು ಒಂದರ ಮೇಲೊಂದು ಥಪ್ಪಿ ಜೋಡಿಸುವಾಗ ಸುಮ್ಮನೆ ಎಸೆಯುವುದಿಲ್ಲ. ಹೊಲಿದ ಬಾಯಿ ಒಳಗಡೆಗೆ ಹೋಗಬೇಕು, ಇಲ್ಲದಿದ್ದರೆ ಕಾಳು ಸೋರುತ್ತದೆ. ಅದಕ್ಕಾಗಿ ಹೆಗಲ ಮೇಲೆಯೇ ಚೀಲವನ್ನು ಹೊರಳಿಸಿ ಬಾಯಿ ಮುಂದೆ ಮಾಡಿ ಬೀಳಿಸುತ್ತಾರೆ. ಒಂದೇ ಗುಕ್ಕಿನಲ್ಲಿ. ನೋಡಲು ಬಲು ಚೆಂದ.

ನಾನು ನೋಡಿದೆ. ನೋಡಿ, ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಆ ದಿನ ಹೊಳೆಯದೇ ಇದ್ದಿದ್ದರೆ ಒಳ್ಳೆಯದಿತ್ತು.

"ಲೇ ಕಳಕ್ಯಾ, ಚೆಂಡ ಹಿಡದು ಬರಾವ ಮನಷ್ಯಾ ಅಲ್ಲ, ಚೀಲ ಅಂತ ತಿಳಕೋ. ನಡಕ್ಕ ಕೈ ಹಾಕು, ಹೆಗಲಿಗೆ ಎತ್ತು, ಬಾಯಿ ಮುಂದ ಮಾಡಿ ಇಳಿಸು."

"ಬಾಯಿ ಅಂದ್ರ ತಲೀ ಏನ್ರಿ ಸರ್?"

"ಮತ್ತೇನು ಮೊಳಕಾಲೇನಲೇ?"

ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಅದಕ್ಕೆ ನಾನೇ ಹಮಾಲಿ ಪಟ್ಟು ಎಂದು ಹೆಸರಿಟ್ಟೆ. ನಮ್ಮದು ಕೆಸರು ಗದ್ದೆಯ ಪಕ್ಕದ ಮೈದಾನ, ಮಣ್ಣು ಮೆತ್ತಗೆ, ಯಾರಿಗೂ ಏನೂ ಆಗಲಿಲ್ಲ. ಕುಷ್ಟಗಿಯವರನ್ನು ಸೋಲಿಸಿದೆವು, ಯಲಬುರ್ಗಾದವರನ್ನು ಸೋಲಿಸಿದೆವು. ಆ ಪಂದ್ಯಗಳಿಗೆ ರೆಫರಿಯೂ ನಾನೇ. ನಾನು ಕಲಿಸಿದ್ದಕ್ಕೆ ನಾನೇ ಸೀಟಿ ಊದುತ್ತೇನೆಯೇ?

ಹುಡುಗ ಬೆಳೆದ. ಕುತ್ತಿಗೆ ಎತ್ತಿನ ಕುತ್ತಿಗೆಯಂತಾಯಿತು. ರಾಜ್ಯ ತಂಡಕ್ಕೆ ಹೋದ. ಹದಿನಾರನೇ ಇಸವಿಯಲ್ಲಿ ಮುಂಬೈಯ ಒಂದು ಕ್ಲಬ್ಬಿನವರು ಅವನನ್ನು ಪಗಾರಕ್ಕೆ ಇಟ್ಟುಕೊಂಡರು. ಆಟ ಆಡುವುದೇ ಕೆಲಸ, ತಿಂಗಳಿಗೆ ಸಂಬಳ. ಅವನ ತಾಯಿ ಕಸ್ತೂರೆಮ್ಮ ನಂಬಲೇ ಇಲ್ಲ. "ಆಡಾಕ ರೊಕ್ಕ ಕೊಡ್ತಾರೇನ್ರಿ ಮಾಸ್ತರ್ರ? ಕಿಡ್ನಿ ಗಿಡ್ನಿ ತಗಿಯೂ ಮಂದಿ ಇರ್ಬೇಕು, ನೋಡ್ರಿ ಬೇಕಾರ" ಎಂದಳು. ನಾನು ಎದೆ ಉಬ್ಬಿಸಿಕೊಂಡು ಊರೆಲ್ಲ ತಿರುಗಿದೆ. ನಾನು ತಯಾರು ಮಾಡಿದ ಹುಡುಗ ಎಂದು ಚಹಾದಂಗಡಿಯಲ್ಲಿ ಕುಳಿತು ಹೇಳಿದ್ದೇ ಹೇಳಿದ್ದು.

ಮೊದಲ ವರ್ಷ ಪೂರ್ತಿ ಅವನನ್ನು ದೊಡ್ಡ ಪಂದ್ಯಕ್ಕೆ ಇಳಿಸಲಿಲ್ಲ. ಅಲ್ಲಿನ ಕೋಚ್ ಒಂದು ದಿನ ನನಗೇ ಫೋನು ಮಾಡಿದ. ಹಿಂದಿ ನನಗೆ ಬರುತ್ತದೆ. ಅವನು ಹೇಳಿದ್ದು ಇಷ್ಟು: ಹುಡುಗ ಬಂಗಾರದಂಥವನು, ಆದರೆ ಎದುರಾಳಿಯನ್ನು ಎತ್ತಿ ತಲೆ ಕೆಳಗೆ ಮಾಡಿ ಬಿಡುತ್ತಾನೆ. ಎತ್ತಿದವನು ಜೋಪಾನವಾಗಿ ಇಳಿಸಬೇಕು, ತಲೆ ನೆಲಕ್ಕೆ ಬಡಿಯಬಾರದು, ಇದು ಆಟದ ಕಾಯಿದೆ. ನಾನು ಎಷ್ಟು ಹೇಳಿದರೂ ನಮ್ಮ ಸರ್ ಹೀಗೇ ಕಲಿಸಿದ್ದಾರೆ ಅನ್ನುತ್ತಾನೆ. ನೀವೊಂದು ಮಾತು ಹೇಳಿ, ಬಿಡುತ್ತಾನೆ.

ನನಗೆ ಸಿಟ್ಟು ಬಂತು. ಕಾಯಿದೆ ಹೇಳಿಕೊಡಲು ಇವನ್ಯಾರು ಎನಿಸಿತು. ಅವತ್ತೇ ಸಂಜೆ ಕಳಕೇಶ ಫೋನು ಮಾಡಿದ.

"ಸರ್, ಇವ್ರು ಎತ್ತಬ್ಯಾಡ ಅಂತಾರ್ರಿ. ಬಗ್ಗಿ ಕಾಲ ಹಿಡಿ ಅಂತಾರ. ಏನ ಮಾಡ್ಲಿರಿ?"

"ಕಾಲ ಹಿಡಿಯಾಕ ಮುಂಬೈತನಕ ಹೋಗಬೇಕಿತ್ತೇನಲೇ? ಇಲ್ಲೇ ಮಿಲ್ಲಿನ ಸಾವ್ಕಾರ ಇದ್ನಲ್ಲ! ನಿನ್ನ ಆಟ ನೀ ಆಡು. ಅದನ್ನ ಬಿಟ್ರ ನಿನ್ನ ಹಂತ್ಯಾಕ ಮತ್ತೇನೈತಿ?"

"ಹಂಗಂತೀರಾ ಸರ್?"

"ಹಂಗ ಅಂತೀನಿ."

ಇದನ್ನು ನಾನೇ ಹೇಳಿದ್ದು. ನನ್ನ ಬಾಯಿಂದಲೇ.

ಮುಂದಿನ ವರ್ಷ ತಂಡದಲ್ಲಿ ಇಬ್ಬರಿಗೆ ಪೆಟ್ಟಾಗಿ ಇವನಿಗೆ ಜಾಗ ಸಿಕ್ಕಿತು. ಆರು ಪಂದ್ಯ ಆಡಿದ. ಏಳನೆಯದರಲ್ಲಿ ಒಡಿಶಾದ ಒಬ್ಬ ಹುಡುಗ ಚೆಂಡು ಹಿಡಿದು ಇವನ ಮೇಲೆಯೇ ಬಂದ. ಇಪ್ಪತ್ತು ವರ್ಷದವನು, ಸಣ್ಣ ಆಳು. ಚೀಲಕ್ಕಿಂತ ಹಗುರ. ಇವನು ಎತ್ತಿದ, ಹೆಗಲ ಮೇಲೆ ಹೊರಳಿಸಿದ, ಬಿಟ್ಟ. ಅಲ್ಲಿ ಕೆಸರು ಇರಲಿಲ್ಲ. ಕಟ್ಟಿಗೆ ಮುರಿದಂತೆ ಸಪ್ಪಳವಾಯಿತಂತೆ. ಅವನು ಸಾಯಲಿಲ್ಲ. ಕುತ್ತಿಗೆಯಿಂದ ಕೆಳಗೆ ಏನೂ ಆಡುವುದಿಲ್ಲ, ಅಷ್ಟೇ. ಅಷ್ಟೇ ಎನ್ನುತ್ತೇನೆ ನೋಡಿ, ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ವಿಚಾರಣೆಗೆ ರಗ್ಬಿ ಸಂಘದ ಮೂವರ ಸಮಿತಿ ಕುಳಿತಿತು. ಅವರು ತೀರ್ಮಾನಿಸಬೇಕಿದ್ದುದು ಒಂದೇ. ತಪ್ಪಾಗಿ ಕಲಿತದ್ದರಿಂದ ಆಯಿತೆಂದರೆ ಎರಡು ವರ್ಷ ಹೊರಗಿಟ್ಟು, ಹೊಸದಾಗಿ ಕಲಿಸಿ ಮತ್ತೆ ಆಡಲು ಬಿಡುವುದು. ಕೋಚ್ ಬೇಡವೆಂದರೂ ಬೇಕೆಂದೇ ಮಾಡಿದನೆಂದರೆ ಜೀವಮಾನ ಪೂರ್ತಿ ಆಟ ಬಂದ್. ಕಳಕೇಶ "ಕೈ ತಪ್ಪಿತು" ಎಂದಷ್ಟೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ. ನಮ್ಮ ಸರ್ ಕಲಿಸಿದ್ದು ಅನ್ನುತ್ತಿದ್ದ ಎಂದು ಕೋಚ್ ಹೇಳಿದ್ದಕ್ಕೆ, ಅವರೇ ಅವನು ಕ್ಲಬ್ಬಿಗೆ ಸೇರುವಾಗ ಕೊಟ್ಟಿದ್ದ ಅರ್ಜಿಯಲ್ಲಿ ಶಾಲೆಯ ಹೆಸರು ನೋಡಿ ನನಗೆ ಪತ್ರ ಹಾಕಿದರು: ನೀವು ಹುಡುಗನಿಗೆ ಕೆಡವುವುದನ್ನು ಹೇಗೆ ಕಲಿಸಿದಿರಿ, ಬರೆದು ತಿಳಿಸಿ.

ಪತ್ರ ಬಂದ ಸುದ್ದಿ ಹೇಗೋ ತಿಳಿದು ಹುಲಗಪ್ಪ, ಕಸ್ತೂರೆಮ್ಮ ಇಬ್ಬರೂ ಶಾಲೆಗೆ ಬಂದರು. ಹುಲಗಪ್ಪನ ತಲೆಯ ಮೇಲೆ ಇನ್ನೂ ಹೊಟ್ಟಿನ ಧೂಳಿತ್ತು.

"ಮಾಸ್ತರ್ರ, ಇದ್ದದ್ದು ಬರೀರಿ. ಹಮಾಲರ ಮಗಾ, ಚೀಲ ಹೊತ್ತ ಮೈ, ಹಂಗ ರೂಢಿ ಆಗೇತಿ ಅಂತ ಬರೀರಿ. ಅಷ್ಟು ಸಾಕು."

"ಬರೀತೀನಿ ಬಿಡೋ ಹುಲಗಪ್ಪ, ಇಷ್ಟಕ್ಕ ಇಬ್ರೂ ಬರಬೇಕಿತ್ತೇನು?"

ಕಸ್ತೂರೆಮ್ಮ ಬಾಗಿಲಲ್ಲೇ ನಿಂತಿದ್ದಳು. "ಆ ಹುಡುಗಗ ತಾಯಿ ಅದಾಳೇನ್ರಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ನಾನು ವಿಚಾರಿಸಿರಲಿಲ್ಲ.

ಅವರು ಹೋದ ಮೇಲೆ ಹೆಡ್ ಮಾಸ್ತರರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ಆದೆಪ್ಪ, ನಿನ್ನ ಸರ್ವೀಸ್ ಎಂಟ ತಿಂಗಳ ಉಳದೈತಿ. ತಲೀ ಕೆಳಗ ಮಾಡಿ ಒಗಿ ಅಂತ ನಾನ ಕಲಿಸೀನಿ ಅಂತ ಬರದ ಕೊಟ್ಟಿ ಅಂದ್ರ ಇಲಾಖೆಯವ್ರು ಎನ್‌ಕ್ವೈರಿ ಹಚ್ತಾರ. ಪಿಂಚಣಿ ನಿಂತು ಬಿಡತೈತಿ. ವಿಚಾರ ಮಾಡು."

ನಾನು ಎರಡು ದಿನ ವಿಚಾರ ಮಾಡಿದೆ. ಕಪಾಟಿನಿಂದ ಆ ನಿಯಮದ ಪುಸ್ತಕ ತೆಗೆದು, ಇಂಗ್ಲಿಷ್ ಮಾಸ್ತರರಿಂದ ಓದಿಸಿ, ಅದರಲ್ಲಿದ್ದ ಸಾಲುಗಳನ್ನೇ ಇಳಿಸಿ ಬರೆದೆ. ನಿಯಮದ ಪ್ರಕಾರವೇ ಕಲಿಸಿದ್ದೇನೆ, ಎತ್ತುವುದನ್ನು ಎಂದೂ ಕಲಿಸಿಲ್ಲ ಎಂದು. ಸಹಿ ಮಾಡಿ ಶಾಲೆಯ ಸಿಕ್ಕಾ ಒತ್ತಿಸಿದೆ.

ಜೀವಮಾನ ಪೂರ್ತಿ ಬಂದ್ ಆಯಿತು.

ಕಳಕೇಶ ಊರಿಗೆ ಬಂದ. ಮೂರನೆಯ ದಿನ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ. ಕೈಯಲ್ಲಿ ನನ್ನ ಪತ್ರದ ಜೆರಾಕ್ಸ್. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಕಡೆಗೆ ನಾನೇ ಕೇಳಿದೆ.

"ಅಲ್ಲಲೇ, ನಮ್ಮ ಸರ್ ಕಲಿಸ್ಯಾರ ಅಂತ ನೀನ ಹೇಳಬಹುದಿತ್ತಲ್ಲ? ಕೋಚಿಗೆ ಹೇಳಿದ್ದಿ, ಅವ್ರ ಮುಂದ ಯಾಕ ಹೇಳ್ಲಿಲ್ಲ?"

"ಕೋಚಿಗೆ ಹೇಳಿದ್ದು ಅಭಿಮಾನಕ್ಕರಿ ಸರ್. ಅವ್ರ ಮುಂದ ಹೇಳಿದ್ರ ಚಾಡಿ ಆಕ್ಕಿತ್ತು." ಜೆರಾಕ್ಸನ್ನು ಕಟ್ಟೆಯ ಮೇಲಿಟ್ಟು ಹೇಳಿದ, "ನೀವ ಬರೀತೀರಿ ಅಂತ ತಿಳಕೊಂಡಿದ್ದೆ."

ನಿವೃತ್ತಿಯಾಯಿತು. ಹಾರ ಹಾಕಿದರು, ಶಾಲು ಹೊದಿಸಿದರು, ಆದರ್ಶ ಶಿಕ್ಷಕ ಎಂದರು. ಪಿಂಚಣಿ ಮಂಜೂರಾದ ಮರುವಾರ ನಾನು ಸಮಿತಿಗೆ ಇನ್ನೊಂದು ಪತ್ರ ಹಾಕಿದೆ. ಹಮಾಲಿ ಪಟ್ಟು, ಫೋನಿನ ಮಾತು, ಹಿಂದಿನ ಪತ್ರದ ಸುಳ್ಳು, ಎಲ್ಲ ಬರೆದೆ. ಎರಡು ಸಾಲಿನ ಉತ್ತರ ಬಂತು: ಪ್ರಕರಣ ಮುಗಿದಿದೆ, ಮತ್ತೆ ತೆರೆಯಲು ಬರುವುದಿಲ್ಲ.

ಕಳಕೇಶ ಆಗ ಮಿಲ್ಲಿನ ಬಾಯ್ಲರಿಗೆ ಹೊಟ್ಟು ತುಂಬುವ ಕೆಲಸದಲ್ಲಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ನನ್ನ ಹೊಸ ಪತ್ರದ ನಕಲು, ಅದಕ್ಕೆ ಬಂದ ಉತ್ತರ ಎರಡನ್ನೂ ಅವನ ಕೈಗಿಟ್ಟೆ. ನಾನು ಬರೆದದ್ದನ್ನು ನಿಧಾನ ಓದಿದ. ಉತ್ತರದ ಕಡೆ ನೋಡಲೂ ಇಲ್ಲ.

"ಇದನ್ನ ಯಾವಾಗ ಬರದ್ರಿ?"

"ಮ್ಯಾಲ ತಾರೀಖು ಐತಲ್ಲ."

ತಾರೀಖು ನೋಡಿದ. ನನ್ನ ನಿವೃತ್ತಿ ಯಾವಾಗ ಆಯಿತೆಂದು ಅವನಿಗೆ ಗೊತ್ತಿತ್ತು, ಆ ದಿನದ ಸನ್ಮಾನಕ್ಕೆ ಅವನ ಅಪ್ಪನೂ ಬಂದು ಜನರ ಹಿಂದೆ ನಿಂತಿದ್ದ. ಲೆಕ್ಕ ಹಾಕಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಪತ್ರಗಳನ್ನು ಮೊದಲಿದ್ದಂತೆಯೇ ಮಡಚಿ, ಎರಡೂ ಕೈಯಿಂದ ನನಗೆ ಕೊಟ್ಟ.

"ಬಿಸಲಾಗ ನಿಂತೀರಿ ಸರ್. ವಯಸ್ಸಾಗೇತಿ, ಮನಿಗೆ ಹೋಗ್ರಿ" ಎಂದು ಬಾಯ್ಲರಿನ ಕಡೆ ತಿರುಗಿದ.