ಮೈಮೇಲೆ ಬಂದ ದನಿ

ಸುನಿಲ ಹತ್ತನೆಯ ತರಗತಿಯಲ್ಲಿದ್ದಾಗ ಮೂವರು ಗೆಳೆಯರೊಡನೆ ಒಂದು ಮೆಟಲ್ ಬ್ಯಾಂಡ್ ಕಟ್ಟಿದ. ಹಲಸೂರು ಕೆರೆಯ ನಾತ ತಾಳಲಾರದೆ ಅದಕ್ಕೆ ‘ಡೆಡ್ ಲೇಕ್’ ಎಂದು ಹೆಸರಿಟ್ಟರು. ಗಿಟಾರು ಬಸವಪ್ರಭುವಿನದು, ಹಾಡು ಸುನಿಲನದು. ಹಾಡೆಂದರೆ ಹಿರಿಯರು ಬಲ್ಲ ಹಾಡಲ್ಲ. ಹೊಟ್ಟೆಯಾಳದಿಂದ ಬರುವ ಘರ್ಜನೆ.

1997ರ ಶಾಲಾ ವಾರ್ಷಿಕೋತ್ಸವಕ್ಕೆ ಅವನ ತಾಯಿ ಮುನಿಗಂಗಮ್ಮ ಮರ್ಫಿ ಟೌನಿನ ಮನೆಯಿಂದ ನಡೆದೇ ಬಂದಿದ್ದಳು. ಮಗ ಕೂದಲು ಕೆದರಿ, ಕಣ್ಣು ಮೇಲೆ ಮಾಡಿ ಘರ್ಜಿಸಿದ್ದನ್ನು ಕಂಡು ಆಕೆಯ ಜೀವವೇ ಹಾರಿಹೋದಂತಾಯಿತು. ಆಕೆ ಬಲ್ಲಂತೆ, ಮನುಷ್ಯನ ಗಂಟಲಲ್ಲಿ ಅಂಥ ದನಿ ಹೊರಡುವುದು ದೇವರು ಮೈಮೇಲೆ ಬಂದಾಗ ಮಾತ್ರ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದವಳೇ ಮಗನ ಕಾಲಿಗೆ ಬಿದ್ದಳು.

“ಯಾವ್ ತಾಯಿ ಬಂದಿರೋದು? ಏನ್ ತಪ್ಪಾಯ್ತು ನಮ್ಮಿಂದ? ಹಸುಗೂಸು ಕಣಮ್ಮ, ಬಿಟ್ಬಿಡು!”

ಸಭೆ ಘೊಳ್ಳೆಂದು ನಕ್ಕಿತು. “ಏಳಮ್ಮ, ಇದು ಹಾಡು” ಎಂದಿದ್ದರೆ ಮುಗಿಯುತ್ತಿತ್ತು. ಗೆಳೆಯರ ಎದುರು ಸುನಿಲನಿಗೆ ನಾಚಿಕೆಯಾಯಿತು. ಮೈ ನಡುಗಿಸಿ ಇನ್ನೊಮ್ಮೆ ಘರ್ಜಿಸಿದ. ಚಪ್ಪಾಳೆ ಬಿತ್ತು. ಮಗನ ಮೇಲೆ ಮನೆದೇವತೆ ಗಂಗಮ್ಮತಾಯಿ ಬರುತ್ತಾಳೆಂದು ಮುನಿಗಂಗಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡಳು. ಅವನು ಅಲ್ಲಗಳೆಯಲಿಲ್ಲ.

ಸಭೆಯ ಆ ನಗು ಬಸವಪ್ರಭುವಿನ ಕಿವಿಯಲ್ಲಿ ಉಳಿದಿತ್ತು. ಮುಂದೆ ಕಾಲೇಜು ಉತ್ಸವಗಳಲ್ಲಿ ಅವನೇ ಗಿಟಾರು ಕೆಳಗಿಟ್ಟು, ಸೀರೆ ಸುತ್ತಿಕೊಂಡು ಸುನಿಲನ ಕಾಲಿಗೆ ಬೀಳತೊಡಗಿದ.

“ಬೇಡ ಮಗಾ, ನಮ್ಮಮ್ಮ ಕಣೋ ಅದು,” ಎಂದು ಸುನಿಲ ಒಮ್ಮೆ ಹೇಳಿ ನೋಡಿದ.

“ಗುರು, ಗಿಟಾರ್ ಎಲ್ರೂ ಬಾರಿಸ್ತಾರೆ. ಜನ ಬರೋದೇ ಅಮ್ಮನ್ನ ನೋಡಕ್ಕೆ!”

ಮಾತು ನಿಜವಾಗಿತ್ತು. ಅಮ್ಮನ ಕಣ್ಣಿಗೆ ಇದು ಬೀಳದಿದ್ದರೆ ಸಾಕೆಂದು ಸುನಿಲ ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದ.

2004ರಲ್ಲಿ ಇಂದಿರಾನಗರದ ಒಂದು ಸಭಾಂಗಣದಲ್ಲಿ ಬ್ಯಾಂಡಿನ ಮೊದಲ ಸಿ.ಡಿ. ಬಿಡುಗಡೆಯಾಯಿತು. ಸುನಿಲ ಮನೆಯಲ್ಲಿ ತಿಳಿಸಿರಲಿಲ್ಲ. ಗೋಡೆಯ ಮೇಲಿನ ಪೋಸ್ಟರಿನಲ್ಲಿ ಅವನ ಮುಖ ಕಂಡ ನೆರೆಮನೆಯ ಆಂಜನಮ್ಮ ತಿಳಿಸಿದ್ದಳು. ಮುನಿಗಂಗಮ್ಮ ತಲೆಗೆ ನೀರೆರೆದುಕೊಂಡು, ಮಲ್ಲಿಗೆ ಹಾರ ಹಿಡಿದು, ಆಂಜನಮ್ಮನ ಜೊತೆ ದೇವಿಯ ದರ್ಶನಕ್ಕೆಂದೇ ಬಂದಳು.

ಬಸವಪ್ರಭು ಸೀರೆಯಲ್ಲಿ ತೆವಳುತ್ತ, “ಹಸುಗೂಸು ಕಣಮ್ಮ!” ಎಂದು ಮೂಗಿನಲ್ಲಿ ಅಳುತ್ತಿದ್ದಾಗ ಸುನಿಲ ಬಾಗಿಲ ಬಳಿ ತಾಯಿಯನ್ನು ಕಂಡ. ಆಕೆಯೂ ಅವನನ್ನು ನೋಡಿದಳು. ಹಾಡು ನಿಲ್ಲಿಸಬಹುದಾಗಿತ್ತು. ಜನ “ಅಮ್ಮಾ! ಅಮ್ಮಾ!” ಎಂದು ಕೂಗುತ್ತಿದ್ದರು. ಸುನಿಲ ಘರ್ಜಿಸಿದ.

ಕಾರ್ಯಕ್ರಮ ಮುಗಿದ ಮೇಲೆ ಬಸವಪ್ರಭು ಸೀರೆಯಲ್ಲೇ ಸುನಿಲನೊಡನೆ ಹೊರಬಂದು, ಎದುರಿಗೆ ಅವನ ತಾಯಿ ನಿಂತಿದ್ದನ್ನು ಕಂಡು ತಬ್ಬಿಬ್ಬಾದ. “ಆಂಟಿ... ಸುಮ್ನೆ ತಮಾಷೆಗೆ...”

“ಚೆನ್ನಾಗ್ ಮಾಡ್ತೀಯ ಕಣಪ್ಪ,” ಎಂದಳು ಮುನಿಗಂಗಮ್ಮ. “ಅವತ್ತು ನಾನು ಅಷ್ಟೊಂದು ಅತ್ತಿದ್ನಾ?”

ಹುಡುಗರಿಬ್ಬರೂ ನೆಲ ನೋಡಿದರು. ಆಂಜನಮ್ಮನಿಗೆ ಏನೂ ಅರ್ಥವಾಗಿರಲಿಲ್ಲ. “ಏನಕ್ಕ, ಮಗನ ಮೇಲೆ ತಾಯಿ ಬಂದ್ಲಾ? ಹಾರಾನೇ ಹಾಕ್ಲಿಲ್ವಲ್ಲ!”

“ಇಲ್ಲ ಕಣೆ. ಅವನು ಹಾಡ್ತಾನೆ, ಅಷ್ಟೇ.”

ಮುಂದಿನ ಅಭ್ಯಾಸದ ದಿನ ಮೈಕಿನ ಮುಂದೆ ನಿಂತರೆ ಸುನಿಲನಿಗೆ ದನಿಯೇ ಹೊರಡಲಿಲ್ಲ. ಗಂಟಲು ಕೆಟ್ಟಿದೆ ಎಂದು ಗೆಳೆಯರಿಗೆ ಹೇಳಿ ಹೊರಟುಬಂದ. ಶಾಲೆಯಲ್ಲಿ ಹುಟ್ಟಿದ ಬ್ಯಾಂಡು ಅಲ್ಲಿಗೇ ನಿಂತಿತು. ತಾಯಿಯ ಮುಂದೆ ಕ್ಷಮೆ ಕೇಳಬೇಕೆಂದು ಅಡುಗೆಮನೆಯ ಬಾಗಿಲಿಗೆ ಹೋದವನು, ಆಕೆ ತಿರುಗಿ ನೋಡಿದೊಡನೆ, “ಗಂಟಲು ಕೆಟ್ಟಿದೆಯಮ್ಮ,” ಎಂದುಬಿಟ್ಟ.

ಆಕೆ ಅದನ್ನೂ ನಂಬಿದಳು. ಮೆಣಸು ಜಜ್ಜಿ ಕಷಾಯ ಕಾಯಿಸಿ ತಂದು ಮುಂದಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದ.

“ಮಾತಾಡ್ಬೇಡ ಕಂದ, ಇನ್ನೂ ನೋಯುತ್ತೆ. ಬಿಸಿಯಾಗಿದ್ದಾಗ್ಲೇ ಕುಡಿ.”

ಸುನಿಲ ತಲೆ ಎತ್ತದೆ ಕುಡಿದ.